ನಮ್ಮ ಗದ್ದೆಗೆ ಐವತ್ತು ವರ್ಷ: ಬಂದವರಿಗೆ, ಬರಲಾಗದವರಿಗೆ

ಮೊನ್ನೆ ಭಾನುವಾರ ನಮ್ಮನೆ ಅಂಗಳಕ್ಕೆ ಬಂದುಹೋದ ನಿಮ್ಮೆಲ್ಲರಿಗೂ ನಮಸ್ಕಾರ. ಊಟದ ಗಡಿಬಿಡಿಯಲ್ಲಿ ಒಬ್ಬೊಬ್ಬರ ಹತ್ತಿರವೂ ನಿಂತು ಮಾತಾಡಲು ಆಗಲಿಲ್ಲ. ಅಪ್ಪನಂತೂ ಎರಡು ಮಾತು ಹೇಳುವಷ್ಟರಲ್ಲಿ ಗಂಟಲು ಕಟ್ಟಿ ಕೂತುಬಿಟ್ಟ. ಅವನು ಹೇಳಬೇಕೆಂದಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಭೂ ನ್ಯಾಯಮಂಡಳಿಯ ಆದೇಶ ನಮ್ಮ ಕೈಗೆ ಬಂದದ್ದು 1976ರಲ್ಲಿ. ಒಡೆಯರಿಗೆ ಭತ್ತ ಅಳೆದುಕೊಟ್ಟು ಅಜ್ಜ ಗೇಣಿಗೆ ಮಾಡುತ್ತಿದ್ದ ಎರಡೂಕಾಲು ಎಕರೆ ಗದ್ದೆ ಆವತ್ತು ನಮ್ಮದಾಯಿತು. ಪಹಣಿಯಲ್ಲಿ ಹೆಸರು ಬಂದದ್ದಕ್ಕೆ ಯಾರಾದರೂ ಊರಿಗೆಲ್ಲ ಊಟ ಹಾಕಿಸುತ್ತಾರಾ ಎಂದು ತಮ್ಮ ಕೇಳಿದ್ದ. ಹಾಕಿಸಲೇಬೇಕು ಎಂದು ಅಪ್ಪ ಹಟ ಹಿಡಿದ. ಅವನಿಗೀಗ 86 ವರ್ಷ. ಮಳೆಗಾಲದಲ್ಲಿ ಆಸ್ಪತ್ರೆ ಸೇರಿ ಮನೆಗೆ ಬಂದ ಮೇಲೆ ಅವನು ಆಸೆಪಟ್ಟು ಕೇಳಿದ್ದು ಇದೊಂದೇ.

ಬೆಳಗಿನ ನಾಲ್ಕಕ್ಕೇ ಬಂದು ಒಲೆ ಹಚ್ಚಿದ ಕೇರಿಯ ಹುಡುಗರಿಗೆ, ಕೊಟ್ಟೆ ಕಡುಬಿಗೆ ಹಲಸಿನೆಲೆ ಕೊಯ್ದು ತಂದ ಹೆಣ್ಣುಮಕ್ಕಳಿಗೆ, ಬೆಂಚು ಕೊಟ್ಟ ಶಾಲೆಯ ಮೇಷ್ಟ್ರಿಗೆ ನಾವು ಋಣಿಗಳು. ಹಾಗೆಯೇ ಹಳೆಯ ಒಡೆಯರ ಮನೆಯ ಸೊಸೆಗೂ. ಕರೆಯುವುದೋ ಬೇಡವೋ ಎಂದು ನಾನು ನಾಲ್ಕು ದಿನ ಅಳುಕಿದ್ದೆ. ನೀವು ಬಂದಿರಿ ಅಮ್ಮ, ಗೇಣಿ ಭತ್ತ ಅಳೆದುಕೊಳ್ಳುತ್ತಿದ್ದ ಆ ಕೊಳಗವನ್ನೂ ಅಟ್ಟದಿಂದ ಇಳಿಸಿ ತಂದಿರಿ. 'ಇದು ನಿಮ್ಮನೆಯವರು ನೋಡಬೇಕಾದ್ದು' ಅಂದಿರಿ. ನಿಮ್ಮ ದೊಡ್ಡ ಮನಸ್ಸನ್ನು ನಮ್ಮ ಮನೆ ಮರೆಯುವುದಿಲ್ಲ.

ತಡವಾಗಿ ಬಂದವರು ಆ ಹೊತ್ತನ್ನು ನೋಡಲಿಲ್ಲ, ಅದಕ್ಕೆ ಹೇಳುತ್ತೇನೆ. ಅಂಗಳದಲ್ಲಿ ಚಾಪೆ ಹಾಸಿ ಒಡೆಯರ ಮನೆಯ ಕೊಳಗದ ಪಕ್ಕಕ್ಕೆ ನಮ್ಮನೆಯ ಕೊಳಗವನ್ನು ಇಟ್ಟೆವು. ಅಪ್ಪ ದೊಡ್ಡದಕ್ಕೆ ಭತ್ತ ತುಂಬಿ, ಅಂಗೈಯಲ್ಲಿ ಬಾಯಿ ಸವರಿ ಮಟ್ಟಮಾಡಿ, ಚಿಕ್ಕದಕ್ಕೆ ಸುರಿದ. ಚಿಕ್ಕದು ತುಂಬಿತು. ಭತ್ತ ಇನ್ನೂ ಬೀಳುತ್ತಲೇ ಇತ್ತು, ಅಂಚಿನಿಂದ ಇಳಿದು ಚಾಪೆಯ ಮೇಲೆ ಸಣ್ಣ ರಾಶಿಯಾಯಿತು. ಮಕ್ಕಳು ನಕ್ಕರು. ವಯಸ್ಸಾದವರು ಯಾರೂ ನಗಲಿಲ್ಲ. ಒಂದು ಕೊಳಗಕ್ಕೆ ಚೆಲ್ಲಿದ್ದೇ ಅಷ್ಟಾದರೆ ಒಂದು ಸುಗ್ಗಿಗೆ ಎಷ್ಟು? ಕಣದಲ್ಲಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು ಎಂದು ಅಳೆದು ಮುಗಿಯುವ ಹೊತ್ತಿಗೆ ಅಜ್ಜನ ಪಾಲಿಗೆ ಉಳಿಯುತ್ತಿದ್ದದ್ದು ಹುಲ್ಲು ಮತ್ತು ಜೊಳ್ಳು ಎಂದು ಅಪ್ಪ ಹೇಳುತ್ತಿರುತ್ತಾನೆ.

ಗೇಣಿಯನ್ನು ಸರ್ಕಾರ ಒಪ್ಪಿದ ಅಳತೆಯ ಕೊಳಗದಲ್ಲೇ ಅಳೆಯಿರಿ ಎಂಬಷ್ಟು ಚಿಕ್ಕ ಮಾತಿನಿಂದ ಸಾಗರ ತಾಲ್ಲೂಕಿನ ಕಾಗೋಡಿನ ಹೋರಾಟ ಶುರುವಾಯಿತು. ಎಚ್. ಗಣಪತಿಯಪ್ಪನವರ ಮುಂದಾಳುತನದ ರೈತ ಸಂಘ ಆ ಮಾತನ್ನು ಎತ್ತಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ. ಗೇಣಿದಾರರು ಗದ್ದೆಗಿಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಬೇರೆಯವರು ಇಳಿಯುವುದು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಜೂನ್‌ನಲ್ಲಿ ಅದರ ನಾಯಕರಾದ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಪಕ್ಕದೂರಿನಿಂದ ಹೋಗಿದ್ದ ನಮ್ಮಜ್ಜ ಎಂಟು ದಿನ ಒಳಗಿದ್ದು ಬಂದ. ಬಂದಾಗ ಮನೆಯಲ್ಲಿ ಅಕ್ಕಿ ಇರಲಿಲ್ಲ.

ಆ ದಿನಗಳಲ್ಲಿ ಗೇಣಿದಾರರ ಜೊತೆ ಓಡಾಡಿದ ಹುಡುಗನಂಥ ಮುಂದಾಳು ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರ ಮಾರ್ಚ್ 14ರಂದು ಹುಟ್ಟಿದವರು, 1942ರ ಚಳವಳಿಯಲ್ಲಿ ಜೈಲು ಕಂಡವರು. 1952ರಲ್ಲಿ ಮೊದಲ ಮಹಾಚುನಾವಣೆ ಬಂದಾಗ ಅವರು ಸಾಗರ-ಹೊಸನಗರಕ್ಕೆ ನಿಂತರು. ಆಗಿನ್ನೂ ಅವರಿಗೆ ಮೂವತ್ತು ತುಂಬಿರಲಿಲ್ಲ. ಎದುರಿಗೆ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ್, ಹೆಸರಿನಲ್ಲೂ ಅನುಕೂಲದಲ್ಲೂ ದೊಡ್ಡವರು. ಗೌಡರ ಹತ್ತಿರ ದುಡ್ಡಿರಲಿಲ್ಲ. ಒಂದು ವೋಟು ಕೊಡಿ, ಒಂದು ನೋಟು ಕೊಡಿ ಎಂದು ಕೇಳಿಕೊಂಡು ಊರೂರು ತಿರುಗಿದರು. ಅಡಕೆ ಸುಲಿದ ಕೂಲಿಯಲ್ಲಿ ಅಜ್ಜಿ ಒಂದು ರೂಪಾಯಿ ತೆಗೆದಿಟ್ಟಿದ್ದಳಂತೆ. ಓಟಿಗೆ ನಿಂತವರು ಜನರಿಂದಲೇ ದುಡ್ಡು ಕೇಳಿದ ಕಾಲವೂ ಒಂದಿತ್ತು ಎಂದು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ.

ಅದಕ್ಕೂ ಮುಂಚೆ ವೋಟು ಇದ್ದದ್ದು ಕಂದಾಯ ಕಟ್ಟುವವರಿಗೆ, ಓದಿದವರಿಗೆ. ಒಕ್ಕಲಿಗೆ ಬಂದ ಮೊದಲ ವೋಟು ಇದೇ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಮೇಲೆ ಗುರುತು. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಗೌಡರ ಗುರುತಾದ ಮರದ ಚಿತ್ರ ಅಂಟಿಸಿದ ಪೆಟ್ಟಿಗೆಯನ್ನು ಕೈಯಿಂದ ಮುಟ್ಟಿ ನೋಡಿ, ಚೀಟಿ ಹಾಕಿ, ಅದು ಒಳಗೆ ಬಿದ್ದ ಸದ್ದು ಕೇಳಿಸಿಕೊಂಡೇ ಹೊರಗೆ ಬಂದನಂತೆ. ಕೊಳಗ ಒಡೆಯರ ಕೈಯಲ್ಲಿತ್ತು, ಆದರೆ ಆ ಚೀಟಿಯನ್ನು ಅಳೆಯುವವರು ಯಾರೂ ಇರಲಿಲ್ಲ. ಗೌಡರು ಗೆದ್ದರು. 99 ಜನರ ಆ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿನವರೇ 74. ಅಷ್ಟು ಜನರ ಎದುರು ಎದ್ದು ನಿಂತು ಗೇಣಿದಾರರ ಮಾತಾಡುವುದಕ್ಕೆ ಎಂಥ ಎದೆ ಬೇಕು!

1957ರಲ್ಲಿ ಅವರು ಸೋತರು. ಗೆದ್ದ ಕಥೆಗಿಂತ ಈ ಸೋಲು ನನಗೆ ಹೆಚ್ಚು ಮುಖ್ಯ. ಐದು ವರ್ಷ ಸ್ಥಾನವಿಲ್ಲ, ಕೈಯಲ್ಲಿ ಕಾಸಿಲ್ಲ. ಆದರೂ ಅವರು ಪಕ್ಷ ಬಿಟ್ಟು ಆಳುವವರ ಕಡೆಗೆ ಹೋಗಲಿಲ್ಲ. 1962ರಲ್ಲಿ, ಮತ್ತೆ 1967ರಲ್ಲಿ ತಮ್ಮ ತೀರ್ಥಹಳ್ಳಿಯಿಂದ ಗೆದ್ದು ವಿಧಾನಸಭೆಗೆ ಬಂದರು. ಅಪ್ಪನಿಗೆ ವೋಟಿನ ವಯಸ್ಸಾಗುವ ಹೊತ್ತಿಗೆ ಅವರು ನಮ್ಮ ಕ್ಷೇತ್ರ ಬಿಟ್ಟು ತೀರ್ಥಹಳ್ಳಿಗೆ ಹೋಗಿಯಾಗಿತ್ತು. ಅವರಿಗೆ ಒಂದು ಸಲವೂ ವೋಟು ಹಾಕಲಾಗಲಿಲ್ಲ ಎಂಬ ಕೊರಗು ಅಪ್ಪನಿಗೆ ಈಗಲೂ ಇದೆ. ಉಳುವವನಿಗೇ ಹೊಲ ಎಂಬುದರ ಜೊತೆಗೆ ಈ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಿ ಎಂಬುದೂ ಸದನದಲ್ಲಿ ಅವರ ಮಾತಾಗಿತ್ತು. ಅವರ ಗರಡಿಯಿಂದ ಬಂದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದರು.

ಗೋಪಾಲಗೌಡರು ತೀರಿಕೊಂಡದ್ದು 1972ರ ಜೂನ್ 9ರಂದು. ಐವತ್ತು ತುಂಬಿರಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ತಂದು ಗೇಣಿ ಪದ್ಧತಿಯನ್ನೇ ಎತ್ತಿದ್ದು 1974ರ ಮಾರ್ಚ್ 1ರಿಂದ. ಎರಡನ್ನೂ ಅವರು ನೋಡಲಿಲ್ಲ. ಹಳೆಯ 1961ರ ಕಾಯಿದೆಯಿಂದ ನಮ್ಮಂಥವರಿಗೆ ಸಿಕ್ಕಿದ್ದು ಕಡಿಮೆ, ಸ್ವಂತ ಸಾಗುವಳಿ ಮಾಡುತ್ತೇವೆಂದು ಒಡೆಯರು ಹೇಳಲು ಅದರಲ್ಲಿ ದಾರಿಗಳಿದ್ದವು. ಹೊಸದರಲ್ಲಿ ಏಳನೇ ನಮೂನೆ ತುಂಬಿ ಡಿಕ್ಲರೇಷನ್ ಹಾಕಿದರೆ ತಾಲ್ಲೂಕಿನಲ್ಲೇ ಭೂ ನ್ಯಾಯಮಂಡಳಿಯವರ ಮುಂದೆ ವಿಚಾರಣೆ. ವಕೀಲರನ್ನು ಒಳಗೆ ಬಿಡುತ್ತಿರಲಿಲ್ಲ. ಓದು ಬಾರದ ಅಜ್ಜ ತನ್ನ ಮಾತನ್ನು ತಾನೇ ಹೇಳಿದ. ಸಾಕ್ಷಿ ಏನಿದೆ ಎಂದು ಕೇಳಿದಾಗ ಗದ್ದೆಯ ಅಂಚು, ಹಳು, ನೀರು ಕಟ್ಟುವ ಜಾಗ ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾ ಹೋದನಂತೆ, ಸಾಕು ಎಂದು ಅವರೇ ಹೇಳುವ ತನಕ. ಆವತ್ತು ಜೊತೆಗೆ ಬಂದು ಸಾಕ್ಷಿ ಹೇಳಿದ ಇಬ್ಬರು ನೆರೆಯವರ ಮಕ್ಕಳು ಮೊನ್ನೆ ನಮ್ಮ ಪಂಕ್ತಿಯಲ್ಲಿ ಕೂತಿದ್ದರು. ನಿಮ್ಮ ಅಪ್ಪಂದಿರಿಗೆ ನಮ್ಮ ದೊಡ್ಡ ನಮಸ್ಕಾರ.

ಅರಸರಿಗೂ ಅಂದು ಸಹಿ ಹಾಕಿದ ಅಧಿಕಾರಿಗಳಿಗೂ ಕೃತಜ್ಞತೆ. ಗೋಪಾಲಗೌಡರಿಗೆ ನಮ್ಮನೆಯವರು ಬಾಯ್ಬಿಟ್ಟು ಒಂದು ಧನ್ಯವಾದ ಹೇಳಿದ್ದಿಲ್ಲ. ಅಜ್ಜ ಆದೇಶ ಹಿಡಿದು ಬಂದ ದಿನ ಹೇಳಲು ಅವರಿರಲಿಲ್ಲ. ಆ ಗದ್ದೆಯ ಅನ್ನದಲ್ಲಿ ನಾನು ಟಿ.ಸಿ.ಎಚ್. ಮುಗಿಸಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದೆ. ಗೌಡರೇ, ನಿಮ್ಮ ಋಣ ನಮ್ಮ ಮನೆಯ ಮೇಲಿದೆ. ಅಪ್ಪ ಮೊನ್ನೆ ಮೈಕಿನ ಮುಂದೆ ಹೇಳಲಾಗದೆ ಕೂತದ್ದು ಈ ಮಾತನ್ನೇ.

ಎರಡು ದೊಡ್ಡ ಹಂಡೆ, ಒಂದು ಕಡಾಯಿ ನಮ್ಮಲ್ಲೇ ಉಳಿದಿವೆ, ಯಾರದೆಂದು ತಿಳಿಸಿ, ತಮ್ಮ ತಂದು ಕೊಡುತ್ತಾನೆ. ಒಡೆಯರ ಮನೆಯ ಕೊಳಗವನ್ನು ಅಪ್ಪನೇ ಒರೆಸಿ ತಲುಪಿಸಿ ಬಂದ. ಚಾಪೆಯ ಮೇಲೆ ಚೆಲ್ಲಿದ್ದ ಭತ್ತವನ್ನು ಬೇರೆ ಕಟ್ಟಿಟ್ಟಿದ್ದಾನೆ, ಮಳೆ ಹಿಡಿದ ಮೇಲೆ ಸಸಿಮಡಿಗೆ ಅದನ್ನೇ ಮೊದಲು ಹಾಕಬೇಕಂತೆ.