ಹೂಳೆತ್ತುವಾಗ ಕೆರೆಯ ಅಂಚು ಉಳಿಯಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಊರೂರ ಕೆರೆಗಳಿಗೆ ಜೆಸಿಬಿ, ಟಿಪ್ಪರ್‌ಗಳು ಇಳಿಯುತ್ತವೆ. ಹೂಳು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೆಗೆಯುವ ರೀತಿ ಮಾತ್ರ ಬಹಳ ಕಡೆ ತಪ್ಪುತ್ತಿದೆ. ಏರಿಯ ಎದುರಿಗೆ, ಹಳ್ಳದ ನೀರು ಬಂದು ಸೇರುವ ಕಡೆ, ಕೆರೆಯಂಗಳ ತಟ್ಟೆಯಂತೆ ಮೆಲ್ಲಗೆ ಇಳಿಯುತ್ತದೆ. ಅದನ್ನೂ ನೆಟ್ಟಗೆ ಕಡಿದು ಕೆರೆಯನ್ನು ಬಾವಿಯಂತೆ ಮಾಡಿದರೆ ಲಿಟಲ್ ಸ್ಟಿಂಟ್ ಎಂಬ ಪುಟ್ಟ ವಲಸೆ ಹಕ್ಕಿಗೆ ಕಾಲೂರಲು ಜಾಗವಿರುವುದಿಲ್ಲ.

ಹೆಚ್ಚುಕಡಿಮೆ ಗುಬ್ಬಚ್ಚಿಯಷ್ಟೇ ತೂಗುವ ಈ ಹಕ್ಕಿ ಮರಿ ಮಾಡುವುದು ನಾರ್ವೆಯ ಉತ್ತರ ತುದಿಯಿಂದ ಸೈಬೀರಿಯಾದವರೆಗಿನ ಟಂಡ್ರಾದಲ್ಲಿ. ಗೂಡಿಗೆ ಸಾಮಾನ್ಯವಾಗಿ 4 ಮೊಟ್ಟೆ. ಕೆಲವೊಮ್ಮೆ ಹೆಣ್ಣು ಎರಡು ಗೂಡುಗಳಲ್ಲಿ ಮೊಟ್ಟೆಯಿಟ್ಟು, ಒಂದನ್ನು ಗಂಡಿಗೆ ಬಿಟ್ಟು ಇನ್ನೊಂದಕ್ಕೆ ತಾನು ಕಾವು ಕೂರುತ್ತದೆ. ಅಲ್ಲಿನ ಬೇಸಿಗೆ ಅಷ್ಟು ಚಿಕ್ಕದು. ಆಗಸ್ಟ್‌ ಹೊತ್ತಿಗೆ ದೊಡ್ಡವು ನಮ್ಮ ಕಡೆ ಬರತೊಡಗುತ್ತವೆ. ಅದೇ ವರ್ಷ ಹುಟ್ಟಿದ ಮರಿಗಳು ತಡವಾಗಿ, ದಾರಿ ತೋರಿಸಲು ತಂದೆತಾಯಿ ಇಲ್ಲದೆಯೇ ಬಂದು ಸೇರುತ್ತವೆ. ಅಘನಾಶಿನಿಯ ಅಳಿವೆಯಲ್ಲೂ, ಬಯಲುಸೀಮೆಯ ಕೆರೆಗಳಲ್ಲೂ ಇವು ಚಳಿಗಾಲ ಕಳೆಯುತ್ತವೆ. ಕಪ್ಪು ಕಾಲು, ನೇರವಾದ ಕಪ್ಪು ಕೊಕ್ಕು, ಹೊಲಿಗೆ ಯಂತ್ರದ ಸೂಜಿಯಂತೆ ಬಿಡುವಿಲ್ಲದೆ ಕೆಸರು ಕುಕ್ಕುವುದು ಇದರ ಗುರುತು. ಕಾಲು ಹಳದಿಯಾಗಿದ್ದು ನಿಧಾನ ನಡೆಯುತ್ತಿದ್ದರೆ ಅದು ಟೆಮಿಂಕ್ಸ್ ಸ್ಟಿಂಟ್.

ಇದರ ಕೊಕ್ಕು, ಕಾಲು ಎರಡೂ ಸುಮಾರು 2 ಸೆಂ.ಮೀ. ಅಷ್ಟೇ. ಅದಕ್ಕಿಂತ ಆಳದ ನೀರಲ್ಲಿ ಇದಕ್ಕೆ ಮೇವಿಲ್ಲ. ಮುಖ್ಯ ಆಹಾರ ಹಸಿ ಕೆಸರಿನಲ್ಲಿರುವ ಕಿರುನೊಣಗಳ ಮರಿಹುಳುಗಳು. ಬಿಸಿಲಿಗೆ ಕೆಸರು ಒಣಗಿ ಗಟ್ಟಿಯಾದರೆ ಕೊಕ್ಕು ಇಳಿಯುವುದಿಲ್ಲ, ಹಾಗಾಗಿ ದಿನದಿನವೂ ಹೊಸ ಅಂಚು ತೆರೆದುಕೊಳ್ಳುತ್ತಿರಬೇಕು. ಲೆಕ್ಕ ಸುಲಭ. ಬೇಸಿಗೆಯಲ್ಲಿ ನೀರು ದಿನಕ್ಕೆ ಅರ್ಧ ಸೆಂ.ಮೀ. ಆರಿತೆಂದುಕೊಳ್ಳಿ. 20 ಅಡಿಗೆ 1 ಅಡಿ ಇಳಿಯುವ ವಾಟವಿದ್ದರೆ ದಡದುದ್ದಕ್ಕೂ 10 ಸೆಂ.ಮೀ. ಅಗಲದ ಹೊಸ ಕೆಸರು ಸಿಗುತ್ತದೆ. 2 ಅಡಿಗೆ 1 ಅಡಿ ಕಡಿದಿದ್ದರೆ ಬರೀ 1 ಸೆಂ.ಮೀ. ಮಾರ್ಚ್–ಏಪ್ರಿಲ್‌ನಲ್ಲಿ ಮರುಪಯಣಕ್ಕೆ ಕೊಬ್ಬು ಕೂಡಿಸಿಕೊಳ್ಳಬೇಕಾದ ಹಕ್ಕಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಆದ್ದರಿಂದ ಆಳ ಬೇಕಿದ್ದರೆ ಏರಿಯ ಬುಡಕ್ಕೆ ಧಕ್ಕೆಯಾಗದಷ್ಟು ದೂರ ಬಿಟ್ಟು, ತೂಬಿನ ಕಡೆಯ ತಗ್ಗಿನಲ್ಲಿ ತೋಡಲಿ. ಹಳ್ಳ ಸೇರುವ ಬದಿಯ ವಾಟವನ್ನು ಮುಟ್ಟದಿರಲಿ. ತೆಗೆದ ಮಣ್ಣು ರೈತರ ಹೊಲಕ್ಕೆ ಹೋಗಲಿ. ದಡದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಕೆರೆಗೆ ವಾಪಸು ಬರುತ್ತದೆ. ಜತೆಗೆ, ಗುಡ್ಡೆ ಮರೆಯಾಗಿ ಗಿಡುಗ ಬರುವುದು ಕಾಣದ ಕಡೆ ಈ ಹಕ್ಕಿಗಳು ಮೇಯಲು ಹಿಂಜರಿಯುತ್ತವೆ. ಪೈಪಿನಲ್ಲಿ ನೀರು ತಂದು ಕೆರೆ ತುಂಬಿಸುವ ಕಡೆ, ಫೆಬ್ರುವರಿಯ ನಂತರ ಒಮ್ಮೆಲೇ ಕೋಡಿಮಟ್ಟಕ್ಕೆ ಏರಿಸಿದರೆ ತೆರೆದ ಕೆಸರೆಲ್ಲ ಮುಳುಗುತ್ತದೆ. ಮಳೆಗಾಲದ ಕೊನೆಗೇ ತುಂಬಿಸಿ, ಬಳಕೆಗೆ ತಕ್ಕಂತೆ ಇಳಿಯಲು ಬಿಡುವುದು ಒಳ್ಳೆಯದು.

ಇನ್ನೊಂದು ಮಾತು. ಹಕ್ಕಿಗಳಿಗೆಂದು ಕೆರೆಯಂಗಳಕ್ಕೆ ಬೇಲಿ ಹಾಕಿ ದನಗಳನ್ನು ತಡೆಯಬೇಡಿ. ದನ ಮೇಯ್ದ ಕಡೆ ಜೊಂಡು ಹಬ್ಬುವುದಿಲ್ಲ, ಗೊರಸಿನ ಗುಳಿಗಳಲ್ಲಿ ನೀರು ನಿಂತು ಕೆಸರು ಇನ್ನಷ್ಟು ದಿನ ಹಸಿಯಾಗಿರುತ್ತದೆ. ತಡೆಯಬೇಕಾದದ್ದು ಹಕ್ಕಿಗಳನ್ನು ಅಟ್ಟಾಡಿಸುವ ನಾಯಿಗಳನ್ನು.

– ಪಕ್ಷಿವೀಕ್ಷಕರು, ಗದಗ