ನಾಯಿಗಳ ಆಶ್ರಯಧಾಮಕ್ಕೆ ನೆರವು ಕೋರಿ ಒಂದು ಮನವಿ

ಸಹೃದಯ ಬಂಧುಗಳಿಗೆ ನಮಸ್ಕಾರಗಳು.

ಚಿಕ್ಕಮಗಳೂರು ಜಿಲ್ಲೆಯಲ್ಲಿ ನಮ್ಮ ಟ್ರಸ್ಟ್ ನಡೆಸಿಕೊಂಡು ಬರುತ್ತಿರುವ ನಾಯಿಗಳ ಆಶ್ರಯಧಾಮದ ಪರವಾಗಿ ಈ ಮನವಿಯನ್ನು ತಮ್ಮ ಮುಂದಿಡುತ್ತಿದ್ದೇವೆ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಬಿದ್ದ ನಾಯಿಯೊಂದರ ಫೋಟೊ ಮೊಬೈಲಿಗೆ ಬಂದಾಗ ಈ ಜಿಲ್ಲೆಯ ಜನ ಎಂದೂ ಕೈ ಬಿಗಿ ಹಿಡಿದವರಲ್ಲ. ಶಸ್ತ್ರಚಿಕಿತ್ಸೆಗೆ ಬೇಕಾದ ಹಣ ಅದೇ ಸಂಜೆಯೊಳಗೆ ಕೂಡಿಬಂದದ್ದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ, ಅದಕ್ಕಾಗಿ ತಮಗೆ ಋಣಿಗಳಾಗಿದ್ದೇವೆ. ಆದರೆ ಹೊಲಿಗೆ ಬಿಚ್ಚಿದ ದಿನದಿಂದ ಆ ನಾಯಿ ಒಂದು ಮನೆ ಸೇರುವ ದಿನದವರೆಗೆ ಹಿಡಿಯುವ ವಾರಗಳು, ಎಷ್ಟೋ ಸಲ ತಿಂಗಳುಗಳು, ಯಾರ ಕಣ್ಣಿಗೂ ಬೀಳುವುದಿಲ್ಲ. ಫೋಟೊ ತೆಗೆದು ಕಳಿಸುವಂಥದ್ದು ಆಗ ಏನೂ ನಡೆಯುವುದಿಲ್ಲ. ನಮ್ಮ ಖರ್ಚಿನ ಬಹುಪಾಲು ಹೋಗುವುದು ಆ ದಿನಗಳಿಗೆ. ಇಂದು ತಮ್ಮಲ್ಲಿ ಕೇಳುತ್ತಿರುವುದೂ ಆ ದಿನಗಳಿಗಾಗಿಯೇ.

ನಮ್ಮಲ್ಲಿಗೆ ಎಂಥ ನಾಯಿಗಳು ಬರುತ್ತವೆ ಎಂಬುದನ್ನು ಮೊದಲು ತಿಳಿಸಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಹೊರಗಿನಿಂದ ಬಂದ ಕುಟುಂಬಗಳು ತೋಟದ ಲೈನ್ ಮನೆಗಳಲ್ಲಿ ತಂಗಿರುತ್ತವೆ, ಅವರ ಮಕ್ಕಳು ಎಲ್ಲಿಂದಲೋ ಒಂದು ಮರಿಯನ್ನು ತಂದು ಸಾಕಿಕೊಂಡಿರುತ್ತಾರೆ. ಕೊಯ್ಲು ಮುಗಿದು ಊರಿಗೆ ಹೊರಡುವಾಗ ವಾಹನದಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಹೊಟ್ಟೆಪಾಡಿಗೆ ಊರೂರು ತಿರುಗುವ ಆ ಜನರನ್ನು ದೂರುವುದು ನ್ಯಾಯವಲ್ಲ, ಆದರೆ ಬೀಗ ಹಾಕಿದ ಬಾಗಿಲ ಮುಂದೆ ಉಳಿದ ನಾಯಿಗೆ ಅನ್ನ ಹಾಕುವವರೂ ಬೇಕಲ್ಲ. ಕಾಡುಹಂದಿಗೆಂದು ಬೇಲಿಯ ಅಂಚಿನಲ್ಲಿ ಯಾರೋ ಒಡ್ಡಿದ ಉರುಳಿಗೆ ಸೊಂಟ ಸಿಕ್ಕಿಸಿಕೊಂಡು, ತಂತಿ ಚರ್ಮದೊಳಗೆ ಇಳಿದ ಸ್ಥಿತಿಯಲ್ಲಿ ಬರುವ ತೋಟದ ನಾಯಿಗಳಿವೆ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿಗೆ ಇಳಿಯುವ ರಸ್ತೆಯಲ್ಲಿ, ಮುಳ್ಳಯ್ಯನಗಿರಿಗೆ ಹತ್ತುವ ತಿರುವುಗಳಲ್ಲಿ ವಾರಾಂತ್ಯದ ವಾಹನಗಳಿಗೆ ಸಿಕ್ಕಿ ಕಾಲು ಮುರಿದುಕೊಂಡವು ಇವೆ. ದೂರದ ನಗರದಿಂದ ಕಾರಿನಲ್ಲಿ ತಂದು ಇಳಿಸಿ ಹೋದ ಹಸ್ಕಿ, ಲ್ಯಾಬ್ರಡಾರ್‌ನಂಥ ಜಾತಿನಾಯಿಗಳೂ ಇವೆ. ಇವಕ್ಕೆ ಬೀದಿಯಲ್ಲಿ ಬದುಕುವ ವಿದ್ಯೆಯೇ ಗೊತ್ತಿರುವುದಿಲ್ಲ.

ಆರೋಗ್ಯವಾಗಿ ತನ್ನ ಬೀದಿಯಲ್ಲಿ ಬದುಕಿಕೊಂಡಿರುವ ನಾಯಿಯನ್ನು ನಾವು ಹಿಡಿದು ತರುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲಿಯೇ ಬಿಡಬೇಕು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ರೇಬೀಸ್ ತಗುಲಿದ ಹಾಗೂ ಆಕ್ರಮಣಕಾರಿಯಾದ ನಾಯಿಗಳನ್ನು ಹೊರತುಪಡಿಸಿ, ಇದೇ ಕ್ರಮವನ್ನು ಎತ್ತಿಹಿಡಿದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಸ್ಥಳಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದೆಂದು ಆದೇಶಿಸಿತು. ಅಂಥ ನಾಯಿಗಳಿಗೆ ಎಲ್ಲಾದರೂ ನೆಲೆ ಆಗಲೇಬೇಕಾಗಿರುವುದರಿಂದ, ನಮ್ಮಂಥ ಸಣ್ಣ ಆಶ್ರಯಧಾಮಗಳು ಇನ್ನು ಮುಂದೆ ಮೊದಲಿಗಿಂತ ಹೆಚ್ಚು ಸಿದ್ಧವಾಗಿರಬೇಕಾಗಿದೆ.

ಒಳಗೆ ಬಂದ ಪ್ರತಿಯೊಂದು ನಾಯಿಯನ್ನೂ ಮೊದಲ ಎರಡು ವಾರ ಉಳಿದವುಗಳಿಂದ ದೂರ ಇಡಬೇಕು. ಪಾರ್ವೊ ವೈರಸ್ ತಗುಲಿದ ಮರಿ ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲಿ ಸಾಯಬಹುದು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮನೆಯಲ್ಲಿ ಬಳಸುವ ಫಿನಾಯಿಲ್‌ಗೆ ಅದು ಬಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣದಲ್ಲಿಯೇ ನೆಲ ತೊಳೆಯಬೇಕು. ಡಿಸ್ಟೆಂಪರ್ ಎಂಬ ಇನ್ನೊಂದು ಅಂಟುರೋಗ ಕಣ್ಣು ಮೂಗು ಸೋರುವುದರಿಂದ ಶುರುವಾಗಿ ಕೊನೆಗೆ ನರಗಳಿಗೆ ಏರುತ್ತದೆ. ಒಂದು ನಾಯಿಯ ಕೆಮ್ಮಿನಿಂದ ಇಡೀ ಸಾಲಿಗೆ ಹರಡಬಲ್ಲದು. ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳಗಳಿಂದ ಬರುವ ಜ್ವರಕ್ಕೆ ಸಾಮಾನ್ಯವಾಗಿ 28 ದಿನ ಮಾತ್ರೆ ತಪ್ಪದೆ ಕೊಡಬೇಕು. ಜನನಾಂಗದ ಮೇಲೆ ಬೆಳೆಯುವ, ನಾಯಿಯಿಂದ ನಾಯಿಗೆ ದಾಟುವ ಗಡ್ಡೆಗೆ ವಾರಕ್ಕೊಂದರಂತೆ ಹಲವು ವಾರ ಇಂಜೆಕ್ಷನ್ ಬೇಕು. ಯಾವುದನ್ನೂ ಅವಸರಪಡಿಸುವಂತಿಲ್ಲ. ಮೂಳೆ ಮುರಿತದಂಥ ದೊಡ್ಡ ತೊಂದರೆಗಳಿಗೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಅಲ್ಲಿಂದ ಬಂದ ನಾಯಿಯನ್ನು ಓಡಾಡದಂತೆ ಚಿಕ್ಕ ಗೂಡಿನಲ್ಲಿ ವಾರಗಟ್ಟಲೆ ಇಟ್ಟುಕೊಂಡು, ಅದು ಮಂಕಾಗದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಇವೆಲ್ಲಕ್ಕೂ ಮಲೆನಾಡಿನ ಮಳೆಗಾಲ ಸೇರಿಕೊಂಡರೆ ಕೆಲಸ ಇಮ್ಮಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಕಂಬಳಿ ಒಣಗುವುದಿಲ್ಲ, ನೆಲ ಆರುವುದಿಲ್ಲ, ಬೆರಳ ಸಂದಿಗಳು ಕೊಳೆಯುತ್ತವೆ, ಸಣ್ಣ ಗಾಯಕ್ಕೂ ಒಂದು ರಾತ್ರಿಯಲ್ಲಿ ಹುಳ ಬೀಳುತ್ತದೆ. ಗೋಣಿಚೀಲಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಬೆಚ್ಚಗಿರುವಾಗಲೇ ಗೂಡಿಗೆ ಹಾಸುತ್ತೇವೆ. ಹೀಗಾಗಿ ಸೌದೆಯ ಖರ್ಚು ನಮ್ಮ ಲೆಕ್ಕಪುಸ್ತಕದಲ್ಲಿ ಔಷಧಿಯ ಸಾಲಿನ ಪಕ್ಕದಲ್ಲಿಯೇ ಬರುತ್ತದೆ.

ದೇಹದ ಕಾಯಿಲೆಗೆ ವೈದ್ಯರಿದ್ದಾರೆ. ನಾಯಿಯ ಸ್ವಭಾವ ಎಂಥದು, ಅದು ಎಂಥ ಮನೆಗೆ ಹೊಂದೀತು ಎಂಬುದನ್ನು ಅಳೆಯುವ ಕೆಲಸ ಇದಕ್ಕಿಂತ ಕಷ್ಟದ್ದು, ನಮ್ಮ ಅನುಭವದಲ್ಲಿ ಅತಿ ಮುಖ್ಯವಾದದ್ದು. ಬಂದ ದಿನವೇ ಒಂದು ನಾಯಿಯನ್ನು ಸಾಧು ಎಂದಾಗಲಿ, ಕಚ್ಚುವ ನಾಯಿ ಎಂದಾಗಲಿ ತೀರ್ಮಾನಿಸುವುದು ತಪ್ಪು. ಹೆದರಿದ ನಾಯಿ ಮೂಲೆಯಲ್ಲಿ ಕಲ್ಲಿನಂತೆ ಕೂತಿರುತ್ತದೆ, ನೋಡಿದವರು ಅದನ್ನು ಬಹಳ ಒಳ್ಳೆಯದೆಂದು ಭಾವಿಸುತ್ತಾರೆ. ಅದೇ ನಾಯಿ ಹತ್ತು ದಿನಗಳಲ್ಲಿ ಧೈರ್ಯ ಬಂದು ಗುರುಗುಟ್ಟಲು ತೊಡಗಬಹುದು. ಮೊದಲ ದಿನ ಹಲ್ಲು ತೋರಿಸಿದ್ದು ಮೂರನೆಯ ವಾರ ಬಾಲ ಆಡಿಸುತ್ತ ಬಾಗಿಲಿಗೆ ಬರಬಹುದು. ನಾಯಿ ಹೊಸ ಜಾಗದಲ್ಲಿ ಉಸಿರು ಬಿಡಲು ಮೂರು ದಿನ, ದಿನಚರಿಗೆ ಹೊಂದಲು ಮೂರು ವಾರ, ಇದು ತನ್ನ ನೆಲೆ ಎಂದು ನಂಬಲು ಮೂರು ತಿಂಗಳು ಬೇಕೆಂಬುದು ಈ ಕೆಲಸದಲ್ಲಿರುವವರು ಇಟ್ಟುಕೊಂಡಿರುವ ಒಂದು ಅಂದಾಜು.

ಆದ್ದರಿಂದ ನಾಯಿಗಳನ್ನು ನೋಡಿಕೊಳ್ಳುವ ನಮ್ಮ ಪಾಲಕರು ಮೊದಲು ಮಾಡುವುದು ನೋಡುವುದಷ್ಟೇ. ಹಸಿವಿಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ತಲೆ ತಿರುಗಿಸಿ ಕಣ್ಣಿನ ಬಿಳಿಯಂಚು ಮಾತ್ರ ಕಾಣುವಂತೆ ಓರೆಯಾಗಿ ನೋಡುವುದು, ತಿನ್ನುತ್ತಿರುವಾಗ ಯಾರಾದರೂ ಹತ್ತಿರ ಬಂದರೆ ಅಗಿಯುವುದನ್ನು ನಿಲ್ಲಿಸಿ ಬಿಗಿಯಾಗುವುದು, ಇವೆಲ್ಲ ಬೊಗಳುವುದಕ್ಕಿಂತ ಬಹಳ ಮೊದಲು ನಾಯಿ ಕೊಡುವ ಸೂಚನೆಗಳು. ಇವನ್ನು ದಿನವೂ ಪುಸ್ತಕದಲ್ಲಿ ಬರೆದಿಡುತ್ತೇವೆ. ಊಟದ ತಟ್ಟೆಗೆ ಕೈ ಹಾಕಿ ಕೆಣಕಿ ಪರೀಕ್ಷಿಸುವ ಪದ್ಧತಿ ನಮ್ಮಲ್ಲಿಲ್ಲ, ಏಕೆಂದರೆ ಹತ್ತಾರು ನಾಯಿಗಳ ನಡುವೆ ಅನ್ನಕ್ಕೆ ಕಾವಲು ಕೂರುವ ನಾಯಿ ಒಂಟಿಯಾಗಿ ಮನೆ ಸೇರಿದಾಗ ಹಾಗೆ ಮಾಡದೆ ಇರುವುದು ಸಾಮಾನ್ಯ. ಮರಿಗಳ ವಿಷಯದಲ್ಲಿ ಮಾತ್ರ ಕಾಯಲು ಸಮಯವಿರುವುದಿಲ್ಲ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮನುಷ್ಯರ ಕೈ, ಮಕ್ಕಳ ಸದ್ದು, ಮಿಕ್ಸಿಯ ಶಬ್ದ ಇವೆಲ್ಲ ಪರಿಚಯವಾಗದಿದ್ದರೆ ಆ ಅಂಜಿಕೆ ಬದುಕಿಡೀ ಉಳಿಯಬಹುದು.

ತೋಟವೊಂದರಿಂದ ಬಂದ ಒಂದು ಗಂಡುನಾಯಿಯ ವಿಷಯ ಹೇಳುತ್ತೇವೆ. ಬೆಳೆದದ್ದೆಲ್ಲ ಚೈನಿನಲ್ಲೇ. ಬೆಲ್ಟು ಉಜ್ಜಿ ಉಜ್ಜಿ ಕತ್ತಿನ ಸುತ್ತ ಕೂದಲಿರಲಿಲ್ಲ. ಬೇಲಿ ಹಾಕಿದ ಅಂಗಳದಲ್ಲಿ ಚೈನು ಬಿಚ್ಚಿ ಬಿಟ್ಟಾಗಲೂ ಅದು ಒಂದೇ ಅಳತೆಯ ಸುತ್ತು ಹಾಕುತ್ತಿತ್ತು. ಚೈನು ಎಲ್ಲಿಗೆ ಮುಗಿಯುತ್ತಿತ್ತೋ ಅಲ್ಲಿಗೆ ಬಂದು ಹಿಂದಕ್ಕೆ ತಿರುಗುತ್ತಿತ್ತು. ಪಾಲಕರು ಬೇಯಿಸಿದ ಕೋಳಿಯ ಚೂರುಗಳನ್ನು ಆ ಸುತ್ತಿನ ಅಂಚಿನಿಂದ ಒಂದು ಗೇಣು ಆಚೆ ಇಟ್ಟು, ಅದರ ಕಡೆ ಮುಖ ಮಾಡದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂರುತ್ತಿದ್ದರು. ಚೂರು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯಿತು. ಕರೆಯಲಿಲ್ಲ, ಎಳೆಯಲಿಲ್ಲ, ಗದರಲಿಲ್ಲ. ಕೊನೆಗೆ ಒಂದು ದಿನ ಅದು ಅಂಗಳದ ಇನ್ನೊಂದು ತುದಿಯ ಪೇರಲೆ ಗಿಡದವರೆಗೆ ನಡೆದುಹೋಗಿ, ಮೂಸಿ ನೋಡಿ, ಅಲ್ಲೇ ಮಲಗಿತು. ಈ ಕೆಲಸಕ್ಕೆ ತಗುಲಿದ ಸಾಮಗ್ರಿ ಎಂದರೆ ಒಂದಿಷ್ಟು ಕೋಳಿ ಮಾಂಸ, ಹಾಗೂ ಬೇರೆ ಯಾವ ಕೆಲಸಕ್ಕೂ ಎದ್ದುಹೋಗದೆ ಕೂರಬಲ್ಲ ಒಬ್ಬ ಮನುಷ್ಯನ ಸಮಯ. ಆ ಮನುಷ್ಯನಿಗೆ ತಿಂಗಳ ಸಂಬಳ ಕೊಡಬೇಕು. ದಾನಿಗಳಿಗೆ ವಿವರಿಸಲು ನಮಗೆ ಅತಿ ಕಷ್ಟವಾಗುವ ಖರ್ಚು ಇದೇ.

ಮನೆ ಹುಡುಕುವಾಗಲೂ ನಾವು ಆತುರಪಡುವುದಿಲ್ಲ. ಕೇಳಿಕೊಂಡು ಬಂದವರ ಮನೆಗೆ ಹೋಗಿ, ಮನೆಯವರೆಲ್ಲರೊಂದಿಗೆ ಮಾತನಾಡುತ್ತೇವೆ. ಮನೆಯ ಯಜಮಾನರಿಗೆ ಇಷ್ಟವಿದ್ದು, ದಿನವೂ ಅನ್ನ ಹಾಕಬೇಕಾದ ಅಮ್ಮನಿಗೆ ಇಷ್ಟವಿಲ್ಲದಿದ್ದರೆ ಆ ದತ್ತು ನಿಲ್ಲುವುದಿಲ್ಲ. ಹಗಲಿರುಳು ಕಟ್ಟಿಹಾಕುವವರಿಗೆ ನಾಯಿ ಕೊಡುವುದಿಲ್ಲ. ತೋಟದ ಮನೆಯವರಾದರೆ, ಚಿರತೆ ಓಡಾಡುವ ಈ ಸೀಮೆಯಲ್ಲಿ, ರಾತ್ರಿ ನಾಯಿಯನ್ನು ಒಳಗೆ ಅಥವಾ ಭದ್ರವಾದ ಗೂಡಿನಲ್ಲಿ ಮಲಗಿಸುತ್ತೇವೆಂಬ ಮಾತು ತೆಗೆದುಕೊಳ್ಳುತ್ತೇವೆ. ಸಂತಾನಹರಣ ಚಿಕಿತ್ಸೆಯಾಗದೆ, ಲಸಿಕೆಗಳಾಗದೆ ದೊಡ್ಡ ನಾಯಿಯನ್ನು ಹೊರಗೆ ಕಳಿಸುವುದಿಲ್ಲ. ಮರಿಯಾದರೆ ವಯಸ್ಸಿಗೆ ಬಂದಾಗ ಚಿಕಿತ್ಸೆ ನಾವೇ ಮಾಡಿಸುತ್ತೇವೆ. ಕಚ್ಚಿದ ಇತಿಹಾಸವಿರುವ ನಾಯಿಯ ವಿಷಯವನ್ನು ಮುಚ್ಚಿಡುವುದಿಲ್ಲ, ಅದನ್ನು ಚಿಕ್ಕ ಮಕ್ಕಳಿರುವ ಮನೆಗೆ ಎಷ್ಟೇ ಒತ್ತಾಯ ಬಂದರೂ ಕೊಡುವುದಿಲ್ಲ. ಹೊಂದಾಣಿಕೆಯಾಗದಿದ್ದರೆ ಯಾವ ಪ್ರಶ್ನೆಯೂ ಇಲ್ಲದೆ ನಾಯಿಯನ್ನು ಹಿಂದಕ್ಕೆ ಪಡೆಯುತ್ತೇವೆ. ಬೆನ್ನುಮೂಳೆ ಮುರಿದು ಮೂತ್ರವನ್ನೂ ನಾವೇ ಒತ್ತಿ ತೆಗೆಯಬೇಕಾದಂಥವು, ಮನುಷ್ಯರನ್ನು ಕೊನೆಗೂ ನಂಬಲಾಗದವು ಕೆಲವಿವೆ. ಅವು ಬದುಕಿರುವವರೆಗೆ ನಮ್ಮಲ್ಲಿಯೇ ಇರುತ್ತವೆ.

ದತ್ತು ಕೇಳುವವರಲ್ಲಿ ಒಂದು ಮಾತು. ನಮ್ಮ ನಾಡತಳಿಯ ನಾಯಿಗಳು ಈ ಹವೆಗೆ ಹೊಂದಿದವು, ಕಡಿಮೆ ಆರೈಕೆಯಲ್ಲಿ ಗಟ್ಟಿಮುಟ್ಟಾಗಿ ಬಾಳುವಂಥವು. ಅವನ್ನು ಕಂತ್ರಿ ನಾಯಿ ಎಂದು ಬದಿಗೆ ತಳ್ಳಿ, ಸಾವಿರಾರು ರೂಪಾಯಿ ಕೊಟ್ಟು ಹಿಮದ ನಾಡಿನ ತಳಿಯನ್ನು ತರುವ ಮೊದಲು ದಯವಿಟ್ಟು ಒಮ್ಮೆ ನಮ್ಮ ಅಂಗಳಕ್ಕೆ ಬಂದು ನೋಡಿ.

ಈಗ ನಮಗೆ ಬೇಕಾಗಿರುವುದು ಇಷ್ಟು. ಹೊಸದಾಗಿ ಬಂದ ನಾಯಿಗಳನ್ನು ಇಡಲು ಉಳಿದ ಗೂಡುಗಳಿಂದ ದೂರದಲ್ಲಿ ಒಂದು ಪ್ರತ್ಯೇಕ ಕಟ್ಟಡ ಕಟ್ಟಬೇಕಾಗಿದೆ. ಅದಕ್ಕೆ ತನ್ನದೇ ಚರಂಡಿ, ಬ್ಲೀಚಿಂಗ್‌ನಲ್ಲಿ ತೊಳೆಯಬಹುದಾದ ನೆಲ ಹಾಗೂ ಗೋಡೆ, ಪ್ರತಿ ಕೋಣೆಗೂ ಬೇರೆ ಬೇರೆ ಪಾತ್ರೆ ಮತ್ತು ಪೊರಕೆ ಇರಬೇಕು. ನಾಯಿಗಳು ಒಂದನ್ನೊಂದು ನೋಡಿ ಕೆರಳದಂತೆ ಕೋಣೆಗಳ ನಡುವೆ ಸರಳಿನ ಬದಲು ಗೋಡೆಯೇ ಬೇಕು. ಜಾಗ ಟ್ರಸ್ಟಿನದೇ ಇದೆ. ಮಳೆ ಹಿಡಿಯುವ ಮೊದಲು ತಳಪಾಯ ಮತ್ತು ಮಾಡು ಮುಗಿಯದಿದ್ದರೆ ಇನ್ನೊಂದು ಮಳೆಗಾಲವನ್ನು ಟಾರ್ಪಾಲಿನ ಕೆಳಗೆ ಕಳೆಯಬೇಕಾಗುತ್ತದೆ. ಎರಡನೆಯದು, ಮೇಲೆ ಹೇಳಿದ ಪಾಲಕರ ಸಂಬಳ. ಕಟ್ಟಡಕ್ಕೆ ಒಮ್ಮೆ ಕೊಡುವ ದೊಡ್ಡ ಮೊತ್ತದಷ್ಟೇ, ಸಂಬಳಕ್ಕೆಂದು ತಿಂಗಳು ತಿಂಗಳು ಬರುವ ಚಿಕ್ಕ ಮೊತ್ತವೂ ನಮಗೆ ಬೆಲೆಯುಳ್ಳದ್ದು, ಏಕೆಂದರೆ ಮುಂದಿನ ತಿಂಗಳ ಸಂಬಳ ಖಚಿತವಿಲ್ಲದೆ ಒಳ್ಳೆಯ ಪಾಲಕರು ಉಳಿಯುವುದಿಲ್ಲ, ಪಾಲಕರು ಬದಲಾದಾಗಲೆಲ್ಲ ಹೆದರಿದ ನಾಯಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಹಣ ಕೊಡಲಾಗದವರು ಅಕ್ಕಿ, ರಾಗಿಹಿಟ್ಟು, ಗೋಣಿಚೀಲ, ಹಳೆಯ ಕಂಬಳಿ, ಹಳೆಯ ಪತ್ರಿಕೆ ಕೊಡಬಹುದು. ತೋಟದವರು ಮರಗಸಿಯ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ, ಕಾಲದಲ್ಲಿ ಉಳಿಯುವ ಸೌದೆಯನ್ನು ಕೊಟ್ಟರೆ ದೊಡ್ಡ ಉಪಕಾರ. ಹಬ್ಬದ ಊಟದಲ್ಲಿ ಉಳಿದ ಸಿಹಿ, ಮಸಾಲೆ, ಈರುಳ್ಳಿ ಹಾಕಿದ ಪದಾರ್ಥಗಳನ್ನು ಮಾತ್ರ ತರಬೇಡಿ, ಅವು ನಾಯಿಗಳಿಗೆ ಒಗ್ಗುವುದಿಲ್ಲ. ಚೇತರಿಸಿಕೊಳ್ಳುತ್ತಿರುವ ನಾಯಿಯೊಂದನ್ನು ಕೆಲವು ವಾರಗಳ ಮಟ್ಟಿಗೆ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಲ್ಲವರಿದ್ದರೆ, ಅದರ ಆಹಾರ ಹಾಗೂ ಔಷಧಿ ನಮ್ಮದು. ಮನೆಯ ವಾತಾವರಣದಲ್ಲಿ ಆ ನಾಯಿ ಹೇಗಿರುತ್ತದೆ ಎಂದು ಅವರಿಂದ ತಿಳಿಯುವಷ್ಟು ಸ್ಪಷ್ಟವಾಗಿ ನಮ್ಮ ಗೂಡುಗಳಲ್ಲಿ ತಿಳಿಯುವುದಿಲ್ಲ.

ಟ್ರಸ್ಟಿನ ಬ್ಯಾಂಕ್ ಖಾತೆಯ ವಿವರ ಈ ಮನವಿಯೊಂದಿಗಿದೆ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರು ವಿನಾಯಿತಿ ಪಡೆಯಬಹುದು. 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ಚೆಕ್ ಅಥವಾ ಬ್ಯಾಂಕ್ ಮೂಲಕ ಕಳುಹಿಸಬೇಕಾಗಿ ವಿನಂತಿ. ಕಟ್ಟಡದ ಹಣ, ಸಂಬಳದ ಹಣ ಎಂದು ಬೇರೆ ಬೇರೆ ಲೆಕ್ಕ ಇಡುತ್ತೇವೆ; ಕೊಟ್ಟವರು ಯಾವಾಗ ಬಂದು ಕೇಳಿದರೂ ಪುಸ್ತಕ ತೆರೆದು ತೋರಿಸುತ್ತೇವೆ. ಭೇಟಿಗೆ ಮಧ್ಯಾಹ್ನ ಮೂರರ ನಂತರ ಬನ್ನಿ, ಬೆಳಗಿನ ಹೊತ್ತು ಔಷಧೋಪಚಾರ ನಡೆಯುತ್ತಿರುತ್ತದೆ. ಮಕ್ಕಳನ್ನೂ ಕರೆತರಬಹುದು, ಹೊಸ ನಾಯಿಗಳಿರುವ ಕಡೆಗೆ ಮಾತ್ರ ಅವರನ್ನು ಬಿಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಧರ್ಮದರ್ಶಿಗಳು ಹಾಗೂ ಆಶ್ರಯಧಾಮದ ಕಾರ್ಯಕರ್ತರು
ಚಿಕ್ಕಮಗಳೂರು