ಬೇವನ್ನಷ್ಟೇ ಆರಿಸಿ ತಿಂದವನ ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪ್ರಶ್ನೆಗೆ ಒಂದು ತಿಂಗಳಿನಿಂದ ಉತ್ತರಿಸಿಲ್ಲ. ಹಸಿರು ಸ್ಕೂಟರಿನ ವಿಚಾರವನ್ನು ಮತ್ತೆ ಎತ್ತುವುದಿಲ್ಲ ಎಂದು ನೀನು ಮಾತು ಕೊಡುವುದಾದರೆ ಇಂದು ಎಲ್ಲರ ಎದುರಿಗೇ ಉತ್ತರಿಸುತ್ತೇನೆ. ಸಾಕ್ಷಿಗಳಿದ್ದಾಗ ಸುಳ್ಳು ಹೇಳುವುದು ನನಗೂ ಸ್ವಲ್ಪ ಕಷ್ಟ.

ಹೇಗಿದ್ದೀಯ ಎಂದು ಕೇಳಿದ್ದೆಯಲ್ಲ, 6.1 ಇದ್ದೇನೆ. ಡಿಸೆಂಬರಿನ ರಕ್ತಪರೀಕ್ಷೆಯ ನಂತರ ನನ್ನ ಕ್ಷೇಮಸಮಾಚಾರವೆಲ್ಲ ಈ ಒಂದು ಅಂಕಿಗೆ ಇಳಿದಿದೆ. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ಹೇಳುವ ಅಂಕಿ, ಶೇಕಡಾ 5.7ರಿಂದ 6.4ರೊಳಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. ಪರೀಕ್ಷೆಯ ಹಿಂದಿನ ಎರಡು ದಿನ ನಾನು ಮೆಂತ್ಯದ ನೀರು ಕುಡಿದುಕೊಂಡು ಬಹಳ ಸಭ್ಯನಾಗಿದ್ದೆ; ಆದರೆ ಸುಮಾರು 120 ದಿನ ಬದುಕುವ ಕೆಂಪು ರಕ್ತಕಣಗಳು ತಮಗೆ ಅಂಟಿದ ಸಕ್ಕರೆಯನ್ನು ಅಷ್ಟೂ ಕಾಲ ಹೊತ್ತುಕೊಂಡೇ ತಿರುಗುವುದರಿಂದ, ದೀಪಾವಳಿಯ ಕಜ್ಜಾಯದ ಸಮೇತ ಎಲ್ಲವೂ ವರದಿಯಲ್ಲಿ ಬಂದಿತ್ತು. ನಮ್ಮ ಹಾಸ್ಟೆಲಿನ ವಾರ್ಡನ್ನರಿಗೂ ಇಷ್ಟು ಜ್ಞಾಪಕಶಕ್ತಿ ಇರಲಿಲ್ಲ.

ಅಂದಿನಿಂದ ಕೈಗೆ ವಾಚು, ಅಡುಗೆಮನೆಗೆ ತಕ್ಕಡಿ, ದಿನಕ್ಕೆ 10,000 ಹೆಜ್ಜೆ. ಈ ಸಂಖ್ಯೆ ಪ್ರಸಿದ್ಧವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಸಣ್ಣ ಯಂತ್ರವೊಂದರ ಹೆಸರಿನಿಂದ ಎಂದು ಆಮೇಲೆ ತಿಳಿಯಿತು; ತಿಳಿದ ಮೇಲೂ ರಾತ್ರಿ ಹತ್ತೂವರೆಗೆ ಬಾಕಿ ಉಳಿದ 700 ಹೆಜ್ಜೆಗಳಿಗಾಗಿ ನಡುಮನೆಯಲ್ಲಿ ಪ್ರದಕ್ಷಿಣೆ ಹಾಕುವುದನ್ನು ಬಿಟ್ಟಿಲ್ಲ. ಬೆಳಗಿನ ಲಾಲ್‌ಬಾಗಿನ ನಡಿಗೆ ಮಾತ್ರ ನಿಜಕ್ಕೂ ಸುಖ, ಅದರ ಬಗ್ಗೆ ತಕರಾರಿಲ್ಲ. ಮೊದಲು ಪಶ್ಚಿಮ ದ್ವಾರದಿಂದ ಹೊರಬಿದ್ದೊಡನೆ ಗಾಂಧಿಬಜಾರಿನ ದೋಸೆಯತ್ತ ತಾವಾಗಿಯೇ ತಿರುಗುತ್ತಿದ್ದ ಕಾಲುಗಳು ಈಗ ನನ್ನ ಮಾತು ಕೇಳುತ್ತವೆ.

ಇಷ್ಟನ್ನೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಯುಗಾದಿಯ ದಿನದ್ದು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಬೆಳಿಗ್ಗೆ ಅಮ್ಮ ಬೇವು ಬೆಲ್ಲ ಕೊಟ್ಟಾಗ ನಾನು ಬೆಲ್ಲವನ್ನು ಬದಿಗೆ ಸರಿಸಿ ಬೇವನ್ನಷ್ಟೇ ಆರಿಸಿ ತಿಂದೆ. ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಊಟದಲ್ಲಿ ಎಲೆಗೆ ಬಿದ್ದ ಒಬ್ಬಟ್ಟನ್ನು ಎತ್ತಿ ತಕ್ಕಡಿಯ ಮೇಲಿಟ್ಟೆ, 92 ಗ್ರಾಂ. ಕಾಲುಭಾಗ ಮುರಿದುಕೊಂಡು ಮಿಕ್ಕಿದ್ದನ್ನು ಹಿಂದಿರುಗಿಸಿದೆ. ನಸುಕಿನಲ್ಲೇ ಎದ್ದು ಕಡಲೆಬೇಳೆ ಬೇಯಿಸಿ, ಹೂರಣವನ್ನು ಒರಳಿನಲ್ಲೇ ರುಬ್ಬಿ (ಮಿಕ್ಸಿಯ ಹೂರಣದ ಬಗ್ಗೆ ಅವಳ ಅಭಿಪ್ರಾಯ ನಿನಗೆ ಗೊತ್ತಲ್ಲ), ಕಾವಲಿಯ ಮುಂದೆ ಎರಡು ಗಂಟೆ ನಿಂತಿದ್ದ ಅಮ್ಮ ಬೇಸರವನ್ನೇನೂ ತೋರಿಸಲಿಲ್ಲ. "ಮುಂದಿನ ವರ್ಷದಿಂದ ನೈವೇದ್ಯಕ್ಕೆ ಅಂಗಡಿಯಿಂದ ಎರಡು ತಂದರಾಯಿತು" ಎಂದಷ್ಟೇ ಹೇಳಿ ಅನ್ನ ಬಡಿಸಿದಳು.

ಆ ರಾತ್ರಿ ಹನ್ನೊಂದು ಗಂಟೆಗೆ, ಮನೆಯವರೆಲ್ಲ ಮಲಗಿದ ಮೇಲೆ, ದೀಪ ಹಾಕದೆ, ಡಬ್ಬಿಯ ಮುಂದೆ ನಿಂತುಕೊಂಡೇ ಮೂರು ಒಬ್ಬಟ್ಟು ತಿಂದೆ. ತುಪ್ಪ ಹಾಕಿಕೊಳ್ಳಲಿಲ್ಲ, ಬಿಸಿ ಮಾಡಲಿಲ್ಲ, ರುಚಿ ನೋಡಿದೆನೆಂದೂ ಹೇಳಲಾರೆ. ಅದಕ್ಕೆ ಮೊದಲು ವಾಚನ್ನು ಬಿಚ್ಚಿಟ್ಟಿದ್ದೆ. ಬೆಳಿಗ್ಗೆ ಹೆಂಡತಿ ಡಬ್ಬಿ ತೆರೆದು ಲೆಕ್ಕ ಕೇಳಿದಾಗ ಅಮ್ಮ ನನ್ನ ಕಡೆ ನೋಡದೆ, "ನಾನೇ ಹಾಲಿನ ಹುಡುಗನಿಗೆ ಮೂರು ಕೊಟ್ಟೆ" ಎಂದಳು. ಐವತ್ತೊಂದು ವರ್ಷದ ನಾನು ಪತ್ರಿಕೆಯ ಹಿಂದೆ ಮುಖವಿಟ್ಟುಕೊಂಡು ಕುಳಿತಿದ್ದೆ.

ಊಟದ ನಂತರ ನಡೆದರೆ ರಕ್ತದಲ್ಲಿ ಸಕ್ಕರೆ ಅಷ್ಟಾಗಿ ಏರುವುದಿಲ್ಲ ಎಂಬುದು ನನಗೆ ಬಾಯಿಪಾಠ. ಅಮ್ಮನ ಎದುರಿಗೇ ತುಪ್ಪ ಹಾಕಿಸಿಕೊಂಡು ಒಂದನ್ನು ತಿಂದು, ಅರ್ಧ ಗಂಟೆ ತಿರುಗಾಡಿ ಬಂದಿದ್ದರೆ ಒಂದೇ ಒಬ್ಬಟ್ಟಿನಲ್ಲಿ ಹಬ್ಬ ಮುಗಿಯುತ್ತಿತ್ತು, ಅವಳ ಕಣ್ಣೂ ತುಂಬುತ್ತಿತ್ತು. ನನ್ನ ಶಿಸ್ತಿನ ಲೆಕ್ಕ ಮೂರೂಕಾಲಿಗೆ ಬಂದು ನಿಂತಿತು. ಈ ಹೆದರಿಕೆ ಎಲ್ಲಿಂದ ಬಂತೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪನ ಕಾಲಿನ ಗಾಯ ಒಣಗದೆ ಹೋದ ಆ ಬೇಸಿಗೆಯಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದವನು ನೀನೇ. ತಕ್ಕಡಿ ಮುಟ್ಟಿದಾಗಲೆಲ್ಲ ನನಗೆ ಕಾಣುವುದು ಆ ಬ್ಯಾಂಡೇಜು.

ಸಾಕು, ಇಷ್ಟು ಬರೆಯುವ ಉದ್ದೇಶವಿರಲಿಲ್ಲ. ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ. ಹಾಲಿನ ಹುಡುಗ ನಿರಪರಾಧಿ ಎಂದು ಈ ಮೂಲಕ ಪ್ರಕಟಿಸುತ್ತೇನೆ. ಮುಂದಿನ ಭಾನುವಾರ ನಿನ್ನ ಮನೆಗೆ ಬರುವಾಗ ತಕ್ಕಡಿ ತರುವುದಿಲ್ಲ. ವಾಚನ್ನು ನಿನ್ನ ನಾಯಿಯ ಕೊರಳಿಗೆ ಕಟ್ಟಿ ಹಿತ್ತಲಿಗೆ ಬಿಡೋಣ, ನಾವು ಊಟ ಮುಗಿಸುವಷ್ಟರಲ್ಲಿ ಅದು ನನ್ನ 10,000ವನ್ನು ತೀರಿಸಿರುತ್ತದೆ.

ಇಂತಿ ನಿನ್ನ,
ಮೂರನೇ ಮಹಡಿಯ ಸ್ವಾಮಿಗಳು